ಚಿತ್ರಗೀತೆಯೂ ಧ್ರುವಾಗಾನವೂ

ಚಲಚ್ಚಿತ್ರದ ಹಾಡೆಂದೊಡನೆ ಮೂಗುಮುರಿಯುವುದೇ ವೈದುಷ್ಯದ ಲಕ್ಷಣವೆಂದು ಭಾವಿಸಿರುವ ಮಹನೀಯರು ಕನ್ನಡನಾಡಿನಲ್ಲಿ ಕಡಮೆಯಿಲ್ಲ. ಅವರ ವಾದವಿಷ್ಟೆ: ಸಂಗೀತವು ದೈವೀವಿದ್ಯೆ, ಅದನ್ನು ಕಥೆಯ ನಡುವೆ ತುರುಕಿ ಪಾಮರರಂಜನೆಗೆ ಬಳಸುವುದು ಅಪಚಾರ, ಅಂತಹ ಹಾಡು ಜನರ ನಾಲಗೆಯ ಮೇಲೆ ನಿಂತರೆ ಅದು ಜನರ ಅಭಿರುಚಿಯ ಕೇಡೇ ಹೊರತು ಹಾಡಿನ ಗುಣವಲ್ಲ.

ಈ ವಾದಿಗಳು ನಾಟ್ಯಶಾಸ್ತ್ರದ ಹೆಸರನ್ನು ಕೇಳಿಯೇ ಇರುತ್ತಾರೆ. ಅದರ 32ನೆಯ ಅಧ್ಯಾಯವನ್ನು ತೆರೆದಂತೆ ತೋರುವುದಿಲ್ಲ. ನಾಟಕದಲ್ಲಿ ಹಾಡತಕ್ಕ ಧ್ರುವಾಗಾನಗಳಿಗಾಗಿಯೇ ಭರತಮುನಿಯು ಆ ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಪಾತ್ರ ಬರುವಾಗ ಪ್ರಾವೇಶಿಕೀ, ಹೋಗುವಾಗ ನೈಷ್ಕ್ರಾಮಿಕೀ, ರಸ ತಿರುಗುವಾಗ ಆಕ್ಷೇಪಿಕೀ, ಕಲಕಿದ ಮನಸ್ಸನ್ನು ತಿಳಿಗೊಳಿಸಲು ಪ್ರಾಸಾದಿಕೀ, ನಡುವಣ ತೆರಪನ್ನು ತುಂಬಲು ಅಂತರಾ. (ಇಂದಿನ ಕೆಲವು ನಿರ್ಮಾಪಕರು ಈ ಐದರಲ್ಲಿ ಕೊನೆಯದೊಂದನ್ನೇ ಬಲ್ಲರೆಂಬುದು ಬೇರೆ ಮಾತು.) ಭಾಷೆಯಾದರೂ ಹೆಚ್ಚಾಗಿ ಶೌರಸೇನೀ ಪ್ರಾಕೃತ, ಸಂಸ್ಕೃತವಲ್ಲ. ಕಥೆಯ ನಡುವೆ ಹಾಡುವುದು ಅಪಚಾರವಾದರೆ ಮೊದಲ ಅಪರಾಧಿ ಭರತನೇ ಆಗಬೇಕು.

ಮಾತೂ ಧಾತುವೂ ಒಂದಕ್ಕೊಂದು ಹೆಣೆದುಕೊಂಡಾಗ ಹಾಡು ನೆನಪಿನಲ್ಲಿ ಉಳಿಯುತ್ತದೆ. 1967ರ ‘ಬೆಳ್ಳಿಮೋಡ’ವನ್ನು ನೋಡಬಹುದು. ಕಥೆ ತ್ರಿವೇಣಿಯವರದು, ನಿರ್ದೇಶನ ಪುಟ್ಟಣ್ಣ ಕಣಗಾಲರದು. ಬೇಂದ್ರೆಯವರ ‘ಬೆಳಗು’ ಕವಿತೆಗೆ ವಿಜಯಭಾಸ್ಕರರು ಧಾತು ಕಟ್ಟಿದರು, ಎಸ್. ಜಾನಕಿಯವರು ಒಂದಕ್ಷರವೂ ಸ್ವರದಡಿಯಲ್ಲಿ ನಲುಗದಂತೆ ಹಾಡಿದರು. ಕವಿತಾಸಂಗ್ರಹವನ್ನು ಎಂದೂ ಕೊಳ್ಳದ ಮನೆಗಳಿಗೂ ಬೇಂದ್ರೆ ಹೊಕ್ಕರು.

ವಿದ್ವಾಂಸರ ಸಾಕ್ಷ್ಯವೇ ಬೇಕೆಂದರೆ ಅದೂ ಉಂಟು. ಅ.ನ.ಕೃ. ಅವರ ಕಾದಂಬರಿಯನ್ನಾಧರಿಸಿದ 1966ರ ‘ಸಂಧ್ಯಾರಾಗ’ಕ್ಕೆ ಭೀಮಸೇನ ಜೋಶಿಯವರು ಹಾಡಿದರು. 1975ರ ‘ಹಂಸಗೀತೆ’ಯ ಗಾಯನಕ್ಕೆ ಬಾಲಮುರಳೀಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಅವರ ಕಂಠಕ್ಕೆ ಅಂಟದ ಮೈಲಿಗೆ ಕೇಳುವವರ ಕಿವಿಗೆ ಹೇಗೆ ಅಂಟೀತು?

ಅರ್ಥವಿಲ್ಲದ ಗದ್ದಲದ ಹಾಡುಗಳಿಲ್ಲವೆ? ಹೇರಳವಾಗಿವೆ; ಕಾಲವೇ ಅವನ್ನು ಗುಡಿಸಿಹಾಕುತ್ತದೆ.

ಈ ತಿರಸ್ಕಾರದಿಂದ ಹಾನಿ ಯಾರಿಗೆ? ಬೆಂಗಳೂರಿನ ಸುದ್ದಗುಂಟೆಪಾಳ್ಯದಂತಹ ಕಡೆಗಳಲ್ಲಿ ಒಂದೇ ಬೀದಿಯೊಳಗೆ ಕನ್ನಡ, ತಮಿಳು, ತೆಲುಗು, ಹಿಂದಿಗಳು ಕೇಳಿಬರುತ್ತವೆ. ಮಕ್ಕಳ ಓದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕಂದಪದ್ಯವಿರಲಿ, ದಾಸರ ಪದವೂ ಎಷ್ಟೋ ಹುಡುಗರ ಬಾಯಿಗೆ ಬಂದಿರದು. ಅಂತಹ ಹುಡುಗನಿಗೆ ಕನ್ನಡ ಪದ್ಯವೊಂದು ಕಂಠಸ್ಥವಾಗಿದ್ದರೆ ಅದು ಪ್ರಾಯಶಃ ಚಿತ್ರಗೀತೆಯೇ. ಅದನ್ನು ಗುನುಗಿದೊಡನೆ ಹಿರಿಯರು ಗದರಿ ಬಾಯಿ ಮುಚ್ಚಿಸಿದರೆ, ಮರುದಿನ ಅವನು ಪಂಪನನ್ನು ಹಾಡುವನೆ? ಅದು ಯಾರ ರಚನೆ, ಈ ಶಬ್ದಕ್ಕೇನರ್ಥ ಎಂದು ಕೇಳುವುದಕ್ಕೆ ಗದರುವಷ್ಟು ಶ್ರಮವೂ ಬೇಡ. ‘ಬೆಳಗು’ ಬೇಂದ್ರೆಯವರದೆಂದು ಅರಿಯದೆ ಅದನ್ನು ಹಾಡುವವರು ವಿದ್ಯಾವಂತರ ಮನೆಗಳಲ್ಲಿಯೂ ಇದ್ದಾರೆ. ಮೂಗುಮುರಿದ ಹಿರಿಯರು ಅಷ್ಟನ್ನಾದರೂ ಹೇಳಿಕೊಟ್ಟಿರಬಾರದಿತ್ತೆ?