ಕಚೇರಿಯಲ್ಲಿ ಕುರ್ಚಿ ಖಾಲಿ, ಬಜಾರಿನಲ್ಲಿ ಗಲ್ಲಾ ಖಾಲಿ: ಸರ್ಕಾರದ ಉಳಿತಾಯದ ಬಿಲ್ ಯಾರ ಹೆಸರಿಗೆ?

ಮಿನಿ ವಿಧಾನಸೌಧಕ್ಕೆ ಪೋಡಿ ಕೆಲಸಕ್ಕೆ ಹೋದವರಿಗೆ, ಪಂಚಾಯ್ತಿಗೆ ಇ-ಸ್ವತ್ತು ಕೇಳಲು ಹೋದವರಿಗೆ ಒಂದೇ ಉತ್ತರ ಸಿಗುತ್ತಿದೆ: "ಸಾಹೇಬ್ರು ಪ್ರಭಾರದಲ್ಲಿದ್ದಾರೆ, ಇವತ್ತು ಆ ಕಡೆ ಹೋಗಿದ್ದಾರೆ, ನಾಡಿದ್ದು ಬನ್ನಿ." ನಾಡಿದ್ದು ಹೋದರೆ ಸರ್ವರ್ ಡೌನ್. ಜನ ಬೈಯುವುದು ಎದುರಿಗೆ ಕೂತ ನೌಕರನನ್ನು. ಆದರೆ ಅವನ ಪಕ್ಕದ ಎರಡು ಕುರ್ಚಿ ಯಾಕೆ ಖಾಲಿ ಇವೆ ಅಂತ ಕೇಳುವವರು ಕಡಿಮೆ.

ರಾಜ್ಯ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳು ಸುಮಾರು 7.7 ಲಕ್ಷ. ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಅಂದರೆ ಮೂರು ಕುರ್ಚಿಗೆ ಒಂದು ಖಾಲಿ. ಕೆಲಸದಿಂದ ಯಾರನ್ನೂ ತೆಗೆದಿಲ್ಲ, ಸಂಬಳ ಕಡಿತ ಅಂತ ಆದೇಶವೂ ಬಂದಿಲ್ಲ. ನಿವೃತ್ತಿ ಆದವರ ಜಾಗಕ್ಕೆ ಹೊಸಬರು ಬರಲಿಲ್ಲ, ಅಷ್ಟೇ. ಸದ್ದಿಲ್ಲದ ಮಿತವ್ಯಯ ಅಂದರೆ ಇದೇ.

ದುಡ್ಡಿನ ಲೆಕ್ಕ ಏನು?

"ಗ್ಯಾರಂಟಿಯಿಂದಲೇ ಎಲ್ಲ ನಿಂತಿದೆ" ಅನ್ನೋದು ಹೋಟೆಲ್ ಕಟ್ಟೆಯ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. 2025-26ರ ಬಜೆಟ್ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ, ಎಂಟರಲ್ಲಿ ಒಂದು ಪಾಲು. ಇದರ ಜೊತೆಗೆ 2024ರ ಆಗಸ್ಟ್ 1ರಿಂದ ಜಾರಿಯಾದ 7ನೇ ವೇತನ ಆಯೋಗದಿಂದ ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ ಅಂತ ಸರ್ಕಾರವೇ ಹೇಳಿತ್ತು. ಮೇಲಿಂದ 15ನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ರಾಜ್ಯದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು. ವಿತ್ತೀಯ ಕೊರತೆ ಜಿಎಸ್‌ಡಿಪಿಯ ಶೇ 3 ದಾಟಬಾರದು ಅನ್ನೋ ನಿಯಮ ಬೇರೆ. ಇಷ್ಟೆಲ್ಲ ಕಡೆಯಿಂದ ಒತ್ತಡ ಬಂದಾಗ ಯಾರ ವೋಟೂ ಹೋಗದ ಹಾಗೆ ಉಳಿಸಬಹುದಾದ ಬಾಬ್ತು ಒಂದೇ, ತುಂಬದ ಹುದ್ದೆ.

ಆದರೆ ಖಾಲಿ ಹುದ್ದೆ 2023ರ ನಂತರ ಹುಟ್ಟಿದ್ದಲ್ಲ. ಕೋವಿಡ್ ಹೊತ್ತಿನಲ್ಲಿ, 2020ರ ಜುಲೈನಲ್ಲಿ, ಆಗಿನ ಸರ್ಕಾರ ನೇರ ನೇಮಕಾತಿಗೇ ತಡೆ ಹಾಕಿತ್ತು. ತುಟ್ಟಿಭತ್ಯೆಯನ್ನೂ ಆಗ ನಿಲ್ಲಿಸಲಾಗಿತ್ತು. ಆಮೇಲೆ ಒಳಮೀಸಲಾತಿ ತೀರ್ಮಾನ ಆಗೋವರೆಗೆ ಹೊಸ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್ ಕೊನೆಗೆ ಸಚಿವ ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯದ ಪ್ರಶ್ನೆ, ಅದಕ್ಕಾಗಿ ಕಾಯಬೇಕಿತ್ತು ನಿಜ. ಆದರೆ ಕಾಯುವ ಪ್ರತಿ ತಿಂಗಳೂ ಖಜಾನೆಗೆ ಸಂಬಳ ಉಳಿಯಿತು ಅನ್ನೋದೂ ಅಷ್ಟೇ ನಿಜ. 2025ರ ಆಗಸ್ಟ್‌ನಲ್ಲಿ ಒಳಮೀಸಲಾತಿ ಸೂತ್ರಕ್ಕೆ ಸಂಪುಟ ಒಪ್ಪಿತು. ಮರು ತಿಂಗಳೇ ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನೇಮಕಾತಿ ಮಾಡಿ, ವಯೋಮಿತಿ ಸಡಿಲಿಸಿ ಅಂತ ಬೀದಿಗಿಳಿದರು. ಯಾವ ಪಕ್ಷ ಬಂದರೂ ಖಾಲಿ ಕುರ್ಚಿ ಎಲ್ಲರಿಗೂ ಅನುಕೂಲವಾಗಿಯೇ ಕಂಡಿದೆ.

ಉಳಿದವರ ಪಾಡು

ಹುದ್ದೆ ಖಾಲಿ ಆದ ಮಾತ್ರಕ್ಕೆ ಕೆಲಸ ಕಡಿಮೆ ಆಗಲ್ಲ. ಅದು ಪಕ್ಕದವನ ಟೇಬಲ್ಲಿಗೆ ಬರುತ್ತೆ. ಗ್ರಾಮ ಆಡಳಿತಾಧಿಕಾರಿಗಳು, ಅಂದರೆ ಜನ ಈಗಲೂ ವಿಎ ಅಂತ ಕರೆಯುವವರು, 2024ರ ಸೆಪ್ಟೆಂಬರ್‌ನಲ್ಲಿ ಮತ್ತು 2025ರ ಫೆಬ್ರವರಿಯಲ್ಲಿ ರಾಜ್ಯದಾದ್ಯಂತ ಮುಷ್ಕರ ಮಾಡಿದರು. ಅವರ ದೂರು ಸಂಬಳದ್ದಷ್ಟೇ ಆಗಿರಲಿಲ್ಲ. ಬೆಳೆ ಸಮೀಕ್ಷೆ, ಆಧಾರ್ ಜೋಡಣೆ, ಮತದಾರರ ಪಟ್ಟಿ, ಬಗರ್ ಹುಕುಂ ಅಂತ 17ಕ್ಕೂ ಹೆಚ್ಚು ಆ್ಯಪ್‌ಗಳನ್ನು ಒಬ್ಬರೇ ನೋಡಬೇಕು. ಕೂರಲು ಸರಿಯಾದ ಕಚೇರಿ, ಟೇಬಲ್, ಕಂಪ್ಯೂಟರ್ ಇಲ್ಲ ಅನ್ನೋದು ಅವರ ಮಾತು.

ಬಸ್ಸಿನ ಕಥೆಯೂ ಬೇರೆ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳ ಓಡಾಟ ಹೆಚ್ಚಿತು. ಅದರಿಂದ ಸಂತೆಗೆ, ಬಟ್ಟೆ ಅಂಗಡಿಗೆ ಗಿರಾಕಿ ಬಂದರು, ಒಳ್ಳೆಯದೇ ಆಯ್ತು. ಆದರೆ ತುಂಬಿದ ಬಸ್ಸನ್ನು ಓಡಿಸುವ ಡ್ರೈವರ್, ಟಿಕೆಟ್ ಕೊಡುವ ಕಂಡಕ್ಟರ್‌ಗೆ ಬರಬೇಕಾದ 38 ತಿಂಗಳ ವೇತನ ಬಾಕಿ ಹಾಗೇ ಉಳಿಯಿತು. ಅದನ್ನು ಕೇಳಿಯೇ 2025ರ ಆಗಸ್ಟ್ 5ರಂದು ನಾಲ್ಕೂ ನಿಗಮಗಳ ನೌಕರರು ಮುಷ್ಕರಕ್ಕಿಳಿದರು. ಹೈಕೋರ್ಟ್ ಮಧ್ಯಪ್ರವೇಶದಿಂದ ಅದು ಒಂದೇ ದಿನಕ್ಕೆ ನಿಂತಿತು.

ಇನ್ನು ಸಕಾಲ ಕಾಯ್ದೆ ನೋಡಿ. ಗಡುವಿನೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರನಿಗೆ ಪರಿಹಾರ, ಅದೂ ತಪ್ಪಿತಸ್ಥ ಅಧಿಕಾರಿಯ ಕೈಯಿಂದ. ಕಾಯ್ದೆ ಒಳ್ಳೆಯದು. ಆದರೆ ಗಡುವು ಹಾಗೇ ಇದ್ದು ಕೈಗಳು ಕಡಿಮೆಯಾದರೆ ದಂಡದ ಭಯ ಮಾತ್ರ ಉಳಿಯುತ್ತೆ. ಆಗ ದಾರಿ ಹುಡುಕುವವನು ಮಧ್ಯವರ್ತಿ. ಸಿಬ್ಬಂದಿ ಕೊರತೆ ಇರುವ ಕಡೆ ಏಜೆಂಟರ ವ್ಯಾಪಾರ ಚೆನ್ನಾಗಿ ನಡೆಯುತ್ತೆ. ಸರ್ಕಾರ ಉಳಿಸಿದ ಸಂಬಳದಲ್ಲಿ ಒಂದಿಷ್ಟನ್ನು ಜನ ಹೀಗೆ ತಮ್ಮ ಜೇಬಿನಿಂದ ಕಟ್ಟುತ್ತಾರೆ.

ಹೊರಗುತ್ತಿಗೆ ಎಂಬ ತೇಪೆ

ಖಾಲಿ ಜಾಗಕ್ಕೆ ತೇಪೆ ಹಾಕೋದು ಹೊರಗುತ್ತಿಗೆ, ಅತಿಥಿ, ದಿನಗೂಲಿ ಅನ್ನೋ ಹೆಸರಿನಲ್ಲಿ. ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳ ಗೌರವಧನ 12,000 ರೂಪಾಯಿ, ಅದೂ 2025-26ರ ಬಜೆಟ್‌ನಲ್ಲಿ 2,000 ಹೆಚ್ಚಿಸಿದ ಮೇಲೆ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗೀತು. ಅದೇ ಕ್ಲಾಸು, ಅದೇ ಪಾಠ, ಅದೇ ಪರೀಕ್ಷೆ. ಸಂಬಳದ ಚೀಟಿ ಮಾತ್ರ ಬೇರೆ. ಆಸ್ಪತ್ರೆ, ಹಾಸ್ಟೆಲ್, ಪುರಸಭೆಯ ಹೊರಗುತ್ತಿಗೆಯವರ ಕಥೆಯಲ್ಲಿ ನಡುವೆ ಏಜೆನ್ಸಿ ಒಂದು ಇರುತ್ತೆ. ಟೆಂಡರ್ ಬದಲಾದರೆ ಮಾಲೀಕ ಬದಲಾಗುತ್ತಾನೆ. ಪಿಎಫ್ ಕಟ್ಟಿದ್ದಾರಾ ಅಂತ ಕೇಳಿದರೆ ಇಲಾಖೆ ಏಜೆನ್ಸಿ ಕಡೆ, ಏಜೆನ್ಸಿ ಇಲಾಖೆ ಕಡೆ ಬೆರಳು ತೋರಿಸುತ್ತೆ.

ಕಾಯಂ ಮಾಡಿ ಅಂದರೆ ಇಲಾಖೆಗಳು ಎತ್ತಿ ಹಿಡಿಯೋದು ಕರ್ನಾಟಕದ್ದೇ ಒಂದು ಪ್ರಕರಣ, 2006ರ ಏಪ್ರಿಲ್‌ನ ಉಮಾದೇವಿ ತೀರ್ಪು. ಹಿಂಬಾಗಿಲಿನ ನೇಮಕಾತಿಯನ್ನು ಸಕ್ರಮ ಮಾಡಲಾಗದು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತ್ತು. ಆದರೆ 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ ಅದೇ ಕೋರ್ಟ್, ದಶಕಗಟ್ಟಲೆ ದುಡಿದವರ ನ್ಯಾಯಯುತ ಹಕ್ಕು ತಪ್ಪಿಸಲು ಉಮಾದೇವಿ ತೀರ್ಪನ್ನು ಬಳಸಬಾರದು ಅಂತ ಸ್ಪಷ್ಟಪಡಿಸಿತು. 2025ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಧರಂ ಸಿಂಗ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಖಜಾನೆ ಬಿಗಿಯಾಗಿದೆ ಅನ್ನೋದೊಂದೇ ನೆಪ ಇಟ್ಟುಕೊಂಡು ಕಾಯಂ ಸ್ವರೂಪದ ಕೆಲಸವನ್ನು ತಾತ್ಕಾಲಿಕ ನೌಕರರಿಂದ ಮಾಡಿಸುತ್ತಾ ಹೋಗುವಂತಿಲ್ಲ ಅಂತ ಹೇಳಿತು. ಈ ತೀರ್ಪುಗಳ ಪ್ರತಿ ಹೊರಗುತ್ತಿಗೆ ನೌಕರರ ಕೈಯಲ್ಲಿರೋದು ಒಳ್ಳೆಯದು.

ಬಜಾರಿಗೆ ಬೀಳುವ ಹೊಡೆತ

ಅಂಗಡಿಯವರಿಗೆ ಇದರಲ್ಲಿ ಏನು ಅಂತ ಕೇಳಬಹುದು. ಒಂದು ಸರಳ ಲೆಕ್ಕ ಹಾಕಿ. 7ನೇ ವೇತನ ಆಯೋಗದ ನಂತರ ಕನಿಷ್ಠ ಮೂಲ ವೇತನ 27,000 ರೂಪಾಯಿ. ತಾಲ್ಲೂಕಿನಲ್ಲಿ ನೂರು ಹುದ್ದೆ ಖಾಲಿ ಅಂತ ಇಟ್ಕೊಳ್ಳಿ. ಕನಿಷ್ಠ ದರದಲ್ಲೇ ತಿಂಗಳಿಗೆ 27 ಲಕ್ಷ, ವರ್ಷಕ್ಕೆ 3 ಕೋಟಿ 24 ಲಕ್ಷ ರೂಪಾಯಿ ಆ ಊರಿಗೆ ಬರೋದೇ ಇಲ್ಲ.

ಈ ದುಡ್ಡು ಬಂದಿದ್ದರೆ ಎಲ್ಲಿ ಹೋಗುತ್ತಿತ್ತು? ಮನೆ ಬಾಡಿಗೆ, ಕಿರಾಣಿ, ಹಾಲು, ಮಕ್ಕಳ ಫೀಸು, ಬೈಕಿನ ಕಂತು, ಹಬ್ಬದ ಬಟ್ಟೆ. ಕಾಯಂ ನೌಕರನಿಗೆ ಅಂಗಡಿಯವರು ಧೈರ್ಯವಾಗಿ ಉದ್ರಿ ಕೊಡ್ತಾರೆ, ತಿಂಗಳ ಮೊದಲ ವಾರ ಲೆಕ್ಕ ಚುಕ್ತಾ ಆಗುತ್ತೆ. ಹೊರಗುತ್ತಿಗೆಯವನಿಗೆ ಸಂಬಳ ಯಾವಾಗ ಆಗುತ್ತೋ ಅವನಿಗೇ ಗೊತ್ತಿಲ್ಲದಿದ್ದರೆ ಉದ್ರಿ ಪುಸ್ತಕದ ಪುಟ ಬೆಳೀತಾ ಹೋಗುತ್ತೆ. ಬ್ಯಾಂಕ್ ಕೂಡ ಅವನಿಗೆ ಮನೆ ಸಾಲ ಕೊಡಲು ಹಿಂದೆ ಮುಂದೆ ನೋಡುತ್ತೆ. ಮನೆ ಕಟ್ಟದಿದ್ದರೆ ಸಿಮೆಂಟ್, ಕಬ್ಬಿಣ, ಗಾರೆ ಕೆಲಸದವರಿಗೂ ಹೊಡೆತ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕೂಡ ಇದೇ ಬಜಾರಿಗೆ ಬರುತ್ತೆ ಅನ್ನೋದನ್ನು ಮರೆಯಬಾರದು. ಆ ದುಡ್ಡು ಅಡುಗೆಮನೆ ನಡೆಸುತ್ತೆ, ಆದರೆ ಓದಿದ ಮಗನಿಗೆ, ಮಗಳಿಗೆ ನೌಕರಿ ಕೊಡಲ್ಲ. ಮನೆಗೆ ಎರಡೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಹಿಡಿದಿಟ್ಟರೆ ಅದೇ ತಾಯಿ ಆ 2,000ದಲ್ಲಿ ಮಗಳ ಕೋಚಿಂಗ್ ರೂಮ್ ಬಾಡಿಗೆ ಕಟ್ಟಬೇಕಾಗುತ್ತೆ.

ಕೇಳಬೇಕಾದ ಪ್ರಶ್ನೆ

ಎರಡೂವರೆ ಲಕ್ಷ ಹುದ್ದೆಯನ್ನು ಒಂದೇ ವರ್ಷದಲ್ಲಿ ತುಂಬಿ ಅಂತ ಯಾರೂ ಹೇಳಲ್ಲ, ಅಷ್ಟು ದುಡ್ಡೂ ಇಲ್ಲ. ಹಳೆಯ ಕೆಲವು ಹುದ್ದೆಗಳು ಕಂಪ್ಯೂಟರ್ ಬಂದ ಮೇಲೆ ಬೇಡವಾಗಿರಲೂಬಹುದು. ಹಾಗಿದ್ದರೆ ಬೇಡವಾದದ್ದನ್ನು ರದ್ದು ಮಾಡಿ, ಬೇಕಾದದ್ದನ್ನು ತುಂಬಬೇಕು. ಶಿಕ್ಷಕರು, ನರ್ಸ್, ಸರ್ವೆಯರ್, ಪಿಡಿಒ, ಬಸ್ ಚಾಲಕರು ಮೊದಲ ಸಾಲಿನಲ್ಲಿರಬೇಕು. ರದ್ದೂ ಮಾಡದೆ ತುಂಬಲೂ ಇಲ್ಲದೆ ತೂಗು ಹಾಕೋದರಿಂದ ಲಾಭ ಖಜಾನೆಗೆ, ನಷ್ಟ ಕೌಂಟರಿನ ಎರಡೂ ಬದಿಯಲ್ಲಿ ನಿಂತವರಿಗೆ.

ಮುಂದಿನ ಕೆಡಿಪಿ ಸಭೆಯಲ್ಲಿ ಪ್ರತಿ ಇಲಾಖೆಯೂ ಮೂರು ಅಂಕಿ ಹೇಳಲಿ: ಮಂಜೂರು ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು. ಹೇಳದಿದ್ದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ ಇದೆ, 30 ದಿನದಲ್ಲಿ ಉತ್ತರ ಕೊಡಲೇಬೇಕು. ವರ್ತಕರ ಸಂಘ, ರೈತ ಸಂಘ, ಪೋಷಕರು ಸೇರಿ ಆ ಪಟ್ಟಿ ಹಿಡಿದು ಶಾಸಕರ ಮುಂದೆ ಕೂರಬಹುದು. ಎದುರಿಗೆ ಕೂತ ನೌಕರನನ್ನು ಬೈಯೋದಕ್ಕಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತೆ.