ಹಳ್ಳದ ನೀರಿಗೆ ಸಾಕ್ಷಿ ಹೇಳುವ ಹುಳುಗಳು

ಚಿಕ್ಕಮಗಳೂರಿನಿಂದ ಬಾಬಾ ಬುಡನ್‌ಗಿರಿಗೆ ಹೊರಟವರು ಅತ್ತಿಗುಂಡಿಯಲ್ಲಿ ಕ್ಷಣಕಾಲ ನಿಂತು, ಮಂಜನ್ನೂ ಹೊನ್ನಮ್ಮನ ಹಳ್ಳವನ್ನೂ ಕಂಡು ಮುಂದೆ ಸಾಗುವುದು ವಾಡಿಕೆ. ಇಂಥ ಗಿರಿಪ್ರದೇಶದ ಹಳ್ಳದ ಮಡುವುಗಳಲ್ಲಿ, ಕಣಿವೆಯ ಜೌಗುಗಳಲ್ಲಿ ಬಾಳುವ ಕೀಟಗಳ ಸಂಸಾರವನ್ನು ಬಗ್ಗಿ ನೋಡುವವರು ವಿರಳ.

ಆ ಸಂಸಾರದ ವೈಚಿತ್ರ್ಯವಾದರೂ ಎಷ್ಟು! ನೀರಿನ ಮೇಲೆ ಜಾರುತ್ತ ನಡೆಯುವ ಉದ್ದಕಾಲಿನ ಹುಳುವಿನ ಪಾದದ ಸೂಕ್ಷ್ಮ ರೋಮಗಳಿಗೆ ನೀರು ಅಂಟದು. ನೀರಿನ ಮೇಲ್ಮೈಯ ಬಿಗಿತವೇ ಅದಕ್ಕೆ ನೆಲ. ಬುಗುರಿಯಂತೆ ಸುತ್ತುವ ಕಪ್ಪು ಜೀರುಂಡೆಯ ಒಂದೊಂದು ಕಣ್ಣೂ ಎರಡಾಗಿ ಸೀಳಿದ್ದು, ಮೇಲಿನ ಭಾಗ ಗಾಳಿಯನ್ನೂ ಕೆಳಗಿನ ಭಾಗ ನೀರೊಳಗನ್ನೂ ಕಾಣುತ್ತದೆ. ಮುಳುಗುವ ಜೀರುಂಡೆ ರೆಕ್ಕೆಯ ಕವಚದಡಿಯಲ್ಲಿ ಗಾಳಿಯನ್ನು ಬುತ್ತಿ ಕಟ್ಟಿಕೊಂಡೇ ಕೆಳಗಿಳಿಯುತ್ತದೆ. ನೀರುತಿಗಣೆಗಳ ಒಂದು ಬಳಗದಲ್ಲಂತೂ ಹೆಣ್ಣು ಗಂಡಿನ ಬೆನ್ನಿನ ಮೇಲೆಯೇ ಮೊಟ್ಟೆಯಿಡುತ್ತದೆ. ಮರಿಯಾಗುವವರೆಗೆ ಹೊತ್ತು ಕಾಯುವ ಹೊಣೆ ತಂದೆಯದು. ಏರೋಪ್ಲೇನ್ ಚಿಟ್ಟೆಯ ಮರಿ ಮಡಚಿದ ಕೆಳದುಟಿಯನ್ನು ಥಟ್ಟನೆ ಚಾಚಿ ಸೊಳ್ಳೆಯ ಮರಿಗಳನ್ನು ಹಿಡಿದು ತಿಂದು, ನಮಗೂ ಉಪಕಾರಿಯಾಗಿದೆ.

ಇವೆಲ್ಲ ಬರಿಯ ಕೌತುಕವಲ್ಲ. ಮೇ ನೊಣ, ಕಲ್ಲು ನೊಣ, ಕ್ಯಾಡಿಸ್ ನೊಣಗಳ ಮರಿಗಳಲ್ಲಿ ಬಹುಪಾಲು ಆಮ್ಲಜನಕ ತುಂಬಿದ ತಿಳಿನೀರನ್ನೇ ಬೇಡುತ್ತವೆ. ಅರೇಬಿಕಾ ಕಾಫಿಯ ಕುಯ್ಲು ನಡೆಯುವುದು ಮಳೆಗಾಲ ಕಳೆದು ಹಳ್ಳಗಳು ಸೊರಗತೊಡಗಿದ ದಿನಗಳಲ್ಲಿ. ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆದ ನೀರಿನಲ್ಲಿ ಸಕ್ಕರೆಯ ಅಂಶವಿದೆ. ಅದನ್ನು ಹಾಗೆಯೇ ಹಳ್ಳಕ್ಕೆ ಹರಿಯಬಿಟ್ಟರೆ ಸೂಕ್ಷ್ಮಜೀವಿಗಳು ಅದರ ಮೇಲೆ ವೃದ್ಧಿಯಾಗಿ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಆಗ ಈ ಸುಕುಮಾರ ಮರಿಗಳು ಅಳಿದು, ಕೆಸರಿನಲ್ಲಿ ಕೆಂಪು ಹುಳುಗಳಷ್ಟೇ ಉಳಿಯುತ್ತವೆ. ನಮ್ಮ ರಕ್ತದಲ್ಲಿರುವಂತೆ ಅವುಗಳಲ್ಲಿಯೂ ಹೀಮೋಗ್ಲೋಬಿನ್ ಇರುವುದರಿಂದ ಅಲ್ಪ ಆಮ್ಲಜನಕದಲ್ಲಿಯೂ ಅವು ಬದುಕಬಲ್ಲವು. ಆದುದರಿಂದಲೇ ವಿಜ್ಞಾನಿಗಳು ಯಾವ ಹುಳು ಇದೆ, ಯಾವುದು ಇಲ್ಲ ಎಂಬುದನ್ನು ಎಣಿಸಿ ನೀರಿನ ಆರೋಗ್ಯವನ್ನು ಅಳೆಯುತ್ತಾರೆ. ಸೀಸೆಯಲ್ಲಿ ತುಂಬಿ ತಂದ ನೀರು ಆ ದಿನದ ಸಂಗತಿಯನ್ನು ಮಾತ್ರ ತಿಳಿಸುತ್ತದೆ; ತಿಂಗಳುಗಟ್ಟಲೆ ಅಲ್ಲಿಯೇ ಬೆಳೆಯುವ ಮರಿಯಾದರೋ ಕಳೆದ ದಿನಗಳಿಗೂ ಸಾಕ್ಷಿ.

ಗಿರಿಯ ಮೇಲಣ ನೀರಿನ ಚಿಂತೆ ಗಿರಿಯವರದು ಮಾತ್ರವೆನ್ನುವಂತಿಲ್ಲ. ಈ ಶ್ರೇಣಿಯಲ್ಲಿ ಹುಟ್ಟುವ ವೇದಾ, ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವು ಆ ನದಿಯದೇ ನೀರನ್ನು ಬಯಲುಸೀಮೆಗಾಗಿ ಹಿಡಿದಿಟ್ಟಿದೆ.

ಉಪಾಯವೂ ನಮ್ಮ ಕೈಮೀರಿದ್ದಲ್ಲ. ತೊಳೆದ ನೀರನ್ನು ತೊಟ್ಟಿಗಳಲ್ಲಿ ನಿಲ್ಲಿಸಿ, ಸುಣ್ಣ ಬೆರೆಸಿ ಹುಳಿ ತಗ್ಗಿಸಿ, ಶುದ್ಧಗೊಳಿಸುವ ಕ್ರಮ ತೋಟಗಳಿಗೆ ತಿಳಿದದ್ದೇ. ಕಡಿಮೆ ನೀರಿನಲ್ಲಿ ಕೆಲಸ ಮುಗಿಸುವ ಯಂತ್ರಗಳೂ ಬಂದಿವೆ. ಪ್ರವಾಸಿಗರಾದ ನಾವು ಹಳ್ಳದಲ್ಲಿ ಸಾಬೂನು ಬಳಸದೆ, ಪ್ಲಾಸ್ಟಿಕ್ ಎಸೆಯದೆ ಬಂದರೆ ಅದೂ ದೊಡ್ಡ ನೆರವೇ. ಮುಂದಿನ ರಜೆಯಲ್ಲಿ ಅತ್ತ ಹೋದಾಗ, ನೀರು ಶಾಂತವಾಗಿರುವ ಕಡೆ ಅಂಚಿನ ಒಂದು ಕಲ್ಲನ್ನು ಮೆಲ್ಲನೆ ಎತ್ತಿ ಅದರ ತಳವನ್ನು ಮಕ್ಕಳಿಗೆ ತೋರಿಸಿರಿ. ಎರಡು ಅಥವಾ ಮೂರು ಬಾಲದೆಳೆಗಳ ಚಪ್ಪಟೆ ಮರಿಗಳು ಅಲ್ಲಿ ಹರಿದಾಡುತ್ತಿದ್ದರೆ ಸಂತೋಷಪಡಿರಿ; ಬಳಿಕ ಕಲ್ಲನ್ನು ಮೊದಲಿದ್ದಂತೆಯೇ ಇಟ್ಟುಬಿಡಿರಿ.