ನಗೆಗೆ ಗುರಿಯಾದವರ ವಾಕ್ ಸ್ವಾತಂತ್ರ್ಯ

ಕಪ್ಪು ಜನರನ್ನು ನಗೆಪಾಟಲು ಮಾಡುವುದು ಅಮೆರಿಕದಲ್ಲಿ ದುಡ್ಡು ತರುವ ಉದ್ಯಮವಾಗಿ ಬೆಳೆದದ್ದು 1830ರ ದಶಕದಿಂದೀಚೆಗೆ. ಥಾಮಸ್ ರೈಸ್ ಎಂಬ ಬಿಳಿಯ ನಟ ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಹರಕು ಬಟ್ಟೆ ತೊಟ್ಟು, ‘ಜಿಮ್ ಕ್ರೋ’ ಎಂಬ ವೇಷದಲ್ಲಿ ಕುಣಿದು ಹೆಸರು ಮಾಡಿದ. 1843ರಲ್ಲಿ ನ್ಯೂಯಾರ್ಕಿನಲ್ಲಿ ವರ್ಜೀನಿಯಾ ಮಿನ್‌ಸ್ಟ್ರೆಲ್ಸ್ ತಂಡ ಹುಟ್ಟಿಕೊಂಡ ಮೇಲೆ ಇಂಥ ಪ್ರದರ್ಶನಗಳು ದೇಶದ ಮೆಚ್ಚಿನ ಮನರಂಜನೆಯಾದವು. ಸೋಮಾರಿ, ಪೆದ್ದ, ಕೋಳಿ ಕದಿಯುವವ, ಸದಾ ಹಲ್ಲುಕಿರಿಯುವವ ಎಂಬ ಪಾತ್ರಗಳು ವೇದಿಕೆಯಿಂದ ಜಾಹೀರಾತಿಗೆ, ಸಿನಿಮಾಕ್ಕೆ, ರೇಡಿಯೊಗೆ, ಪತ್ರಿಕೆಯ ವ್ಯಂಗ್ಯಚಿತ್ರಕ್ಕೆ ಇಳಿದವು. ಶಾಲೆ, ರೈಲು, ಆಸ್ಪತ್ರೆಗಳಲ್ಲಿ ಜನರನ್ನು ಬಣ್ಣದ ಮೇಲೆ ಬೇರ್ಪಡಿಸಿದ ಕಾನೂನುಗಳಿಗೂ ಆ ವೇಷದ ಹೆಸರೇ ಅಂಟಿಕೊಂಡಿತು. ಅವಹೇಳನಕಾರಿ ವಿಡಂಬನೆಯ ಬಗ್ಗೆ ಆಫ್ರಿಕನ್-ಅಮೆರಿಕನ್ನರು ಮಾತಾಡುವಾಗ ಈ ಇತಿಹಾಸ ಬೆನ್ನಿಗಿರುತ್ತದೆ. ‘ಬರೀ ತಮಾಷೆಗೆ ಮಾಡಿದ್ದು’ ಎಂಬ ಸಮಜಾಯಿಷಿಯನ್ನು ಅವರು ಸುಮಾರು ಇನ್ನೂರು ವರ್ಷಗಳಿಂದ ಕೇಳುತ್ತಿದ್ದಾರೆ.

ಹಾಗೆಂದು ಇಡೀ ಸಮುದಾಯ ಒಂದೇ ದನಿಯಲ್ಲಿ ನಿಷೇಧ ಕೇಳುತ್ತಾ ಬಂದಿದೆ ಎಂದುಕೊಂಡರೆ ತಪ್ಪಾಗುತ್ತದೆ. ವಾಕ್ ಸ್ವಾತಂತ್ರ್ಯದ ಜರೂರು ಅವರಿಗಿದ್ದಷ್ಟು ಅಮೆರಿಕದಲ್ಲಿ ಬೇರೆಯವರಿಗೆ ಇದ್ದದ್ದು ಅಪರೂಪ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಪತ್ರಿಕೆ ಕಟ್ಟಿದ ಫ್ರೆಡರಿಕ್ ಡಗ್ಲಾಸ್ 1848ರಲ್ಲಿ ತಮ್ಮ ‘ನಾರ್ತ್ ಸ್ಟಾರ್’ನಲ್ಲಿ ಮಸಿ ಬಳಿದ ನಟರನ್ನು ಕಟುವಾದ ಮಾತುಗಳಲ್ಲಿ ಜರೆದರು. ಅದೇ ಡಗ್ಲಾಸ್ ಪಾಲ್ಗೊಂಡಿದ್ದ ಗುಲಾಮಗಿರಿ ವಿರೋಧಿ ಸಭೆಯೊಂದನ್ನು 1860ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಗುಂಪೊಂದು ನುಗ್ಗಿ ಕೆಡಿಸಿತು. ಕೆಲವೇ ದಿನಗಳಲ್ಲಿ ಅವರು ಅದೇ ಊರಿನ ವೇದಿಕೆಯೇರಿ ವಾಕ್ ಸ್ವಾತಂತ್ರ್ಯದ ಪರವಾಗಿ ಮಾತಾಡಿದರು. ಒಬ್ಬನ ಬಾಯಿ ಮುಚ್ಚಿಸಿದಾಗ ಆಡುವವನ ಹಕ್ಕಿನ ಜೊತೆಗೆ ಕೇಳುವವನ ಹಕ್ಕೂ ಹೋಗುತ್ತದೆ ಎಂಬುದು ಅವರ ವಾದವಾಗಿತ್ತು. 1892ರಲ್ಲಿ ಮೆಂಫಿಸ್ ನಗರದಲ್ಲಿ ಮೂವರು ಕಪ್ಪು ಗಂಡಸರನ್ನು ಗುಂಪು ಹಿಡಿದು ಕೊಂದದ್ದನ್ನು ಐಡಾ ಬಿ. ವೆಲ್ಸ್ ತಮ್ಮ ಪತ್ರಿಕೆಯಲ್ಲಿ ಖಂಡಿಸಿದಾಗ ಅವರ ಕಚೇರಿಯನ್ನೇ ಧ್ವಂಸ ಮಾಡಲಾಯಿತು. ಆ ಪತ್ರಿಕೆಯ ಹೆಸರು ‘ಫ್ರೀ ಸ್ಪೀಚ್’. ಆಗ ಬೇರೆ ಊರಿನಲ್ಲಿದ್ದ ವೆಲ್ಸ್‌ಗೆ ಮೆಂಫಿಸ್ಸಿನ ಬಾಗಿಲು ಮುಚ್ಚಿತು.

ಸರ್ಕಾರದ ಕೈಗೆ ಕತ್ತರಿ ಕೊಡುವುದರ ಲಾಭನಷ್ಟ ಎರಡೂ 1915ರಿಂದ ಕಾಣತೊಡಗಿದವು. ಆ ವರ್ಷ ಬಿಡುಗಡೆಯಾದ ಡಿ.ಡಬ್ಲ್ಯೂ. ಗ್ರಿಫಿತ್ ಅವರ ‘ದ ಬರ್ತ್ ಆಫ್ ಎ ನೇಷನ್’ ಚಿತ್ರ ಮಸಿ ಬಳಿದ ಬಿಳಿಯ ನಟರ ಮೂಲಕ ಕಪ್ಪು ಗಂಡಸರನ್ನು ಮೃಗಗಳಂತೆ ತೋರಿಸಿ, ಬಿಳಿಯ ಜನಾಂಗವಾದಿಗಳ ಕು ಕ್ಲಕ್ಸ್ ಕ್ಲಾನ್ ಸಂಘಟನೆಯನ್ನು ಉದ್ಧಾರಕನ ಸ್ಥಾನದಲ್ಲಿ ಕೂರಿಸಿತು. ಸಿನಿಮಾಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿತ್ತು. ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ್ದ ಎನ್‌ಎಎಸಿಪಿ ಸಂಘಟನೆ ಊರೂರಲ್ಲಿ ನಿಷೇಧಕ್ಕೆ ಒತ್ತಾಯಿಸಿತು. ಬಾಸ್ಟನ್ನಿನಲ್ಲಿ ಪ್ರತಿಭಟಿಸಿದ ಪತ್ರಕರ್ತ ವಿಲಿಯಂ ಮನ್ರೋ ಟ್ರಾಟರ್ ಬಂಧನಕ್ಕೊಳಗಾದರು. ಒಹಾಯೊ, ಕ್ಯಾನ್ಸಸ್‌ನಂಥ ರಾಜ್ಯಗಳು ಚಿತ್ರವನ್ನು ತಡೆದವು. ಬೇರೆಡೆ ಅದು ತುಂಬಿದ ಪ್ರೇಕ್ಷಕರ ಎದುರು ಓಡಿತು. ಐದು ವರ್ಷಗಳ ಬಳಿಕ ಕಪ್ಪು ನಿರ್ದೇಶಕ ಆಸ್ಕರ್ ಮಿಷೋ ಗುಂಪುಹತ್ಯೆಯ ನಿಜವನ್ನು ತೋರಿಸುವ ‘ವಿದಿನ್ ಅವರ್ ಗೇಟ್ಸ್’ ತೆಗೆದಾಗ, ಗಲಭೆಯಾದೀತೆಂದು ಶಿಕಾಗೋದ ಸೆನ್ಸಾರ್ ಮಂಡಳಿ ಮೊದಲು ಅದನ್ನೇ ತಡೆಹಿಡಿಯಿತು. ಅಪಮಾನವನ್ನು ತಡೆಯಲೆಂದು ಬೇಡಿದ ಕತ್ತರಿ ಅಪಮಾನಕ್ಕೆ ಕೊಟ್ಟ ಉತ್ತರದ ಮೇಲೂ ಆಡಿತು. ಈ ಒಂದು ಅನುಭವವನ್ನು ಮರೆತು ಮುಂದಿನ ಚರ್ಚೆಯನ್ನು ಅರ್ಥಮಾಡಿಕೊಳ್ಳಲಾಗದು.

ಸಮುದಾಯದ ಒಳಗೂ ತಕರಾರು ಇತ್ತು. ಎನ್‌ಎಎಸಿಪಿಯ ‘ಕ್ರೈಸಿಸ್’ ಪತ್ರಿಕೆಯ ಸಂಪಾದಕ ಡಬ್ಲ್ಯೂ.ಇ.ಬಿ. ಡು ಬೊಯ್ಸ್ 1926ರಲ್ಲಿ, ಕಪ್ಪು ಜನರನ್ನು ಕಲೆಯಲ್ಲಿ ಹೇಗೆ ಚಿತ್ರಿಸಬೇಕು ಎಂಬ ಪ್ರಶ್ನೆಯನ್ನು ಲೇಖಕರ ಮುಂದಿಟ್ಟು ಉತ್ತರಗಳನ್ನು ಪ್ರಕಟಿಸಿದರು. ಕಲೆ ಸಮುದಾಯದ ಏಳಿಗೆಗೆ ದುಡಿಯಬೇಕೆಂಬುದು ಅವರ ನಿಲುವು. ಅದೇ ವರ್ಷ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಬಿಳಿಯರು ಏನೆಂದಾರು ಎಂದಾಗಲಿ, ತಮ್ಮವರೇ ಏನೆಂದಾರು ಎಂದಾಗಲಿ ಅಂಜಿ ಬರೆಯುವುದಿಲ್ಲವೆಂದು ‘ದ ನೇಷನ್’ ಪತ್ರಿಕೆಯಲ್ಲಿ ಸಾರಿದರು. 1931ರಲ್ಲಿ ಬಂದ ಜಾರ್ಜ್ ಸ್ಕೈಲರ್ ಅವರ ‘ಬ್ಲ್ಯಾಕ್ ನೋ ಮೋರ್’ ಕಾದಂಬರಿ ಬಿಳಿಯರ ಜನಾಂಗದ ಗೀಳನ್ನು ಲೇವಡಿ ಮಾಡುವಷ್ಟೇ ಕಟುವಾಗಿ ಡು ಬೊಯ್ಸ್ ಮತ್ತು ಎನ್‌ಎಎಸಿಪಿಯನ್ನೂ ಲೇವಡಿ ಮಾಡಿತು. ತಮ್ಮವರನ್ನೇ ನಗೆಗೆ ಒಡ್ಡುವ ಧೈರ್ಯ ಈ ಸಾಹಿತ್ಯಕ್ಕೆ ಮೊದಲಿನಿಂದಲೂ ಇದೆ.

ಇಂದು ಅಮೆರಿಕದಲ್ಲಿ ಎಂಥ ಹೊಲಸು ವಿಡಂಬನೆಗೂ ಸಿಗುವ ಕಾನೂನಿನ ರಕ್ಷಣೆಯ ಬೇರು ಕಪ್ಪು ಜನರ ಚಳವಳಿಯಲ್ಲೇ ಇದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. 1960ರ ಮಾರ್ಚ್ 29ರಂದು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ನೆರವಿಗಾಗಿ ಪೂರ್ಣಪುಟದ ಜಾಹೀರಾತು ಬಂತು. ಅದರಲ್ಲಿದ್ದ ಸಣ್ಣಪುಟ್ಟ ತಪ್ಪುಗಳನ್ನು ಹಿಡಿದು ಅಲಬಾಮಾದ ಮಾಂಟ್ಗೊಮರಿ ನಗರದ ಅಧಿಕಾರಿ ಎಲ್.ಬಿ. ಸಲಿವನ್ ಮಾನನಷ್ಟ ಮೊಕದ್ದಮೆ ಹೂಡಿದರು. ಪತ್ರಿಕೆಯ ಜೊತೆಗೆ ರಾಲ್ಫ್ ಅಬರ್ನಾಥಿ, ಫ್ರೆಡ್ ಷಟಲ್ಸ್‌ವರ್ತ್ ಸೇರಿದಂತೆ ನಾಲ್ವರು ಕಪ್ಪು ಪಾದ್ರಿಗಳೂ ಪ್ರತಿವಾದಿಗಳಾದರು. ಸ್ಥಳೀಯ ಜ್ಯೂರಿ 5 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಪಾದ್ರಿಗಳ ಕಾರುಗಳು ಜಪ್ತಿಯಾಗಿ ಹರಾಜಾದವು. ದಕ್ಷಿಣದಲ್ಲಿ ನಡೆಯುತ್ತಿದ್ದುದನ್ನು ದೇಶಕ್ಕೆ ತಿಳಿಸುವ ಪತ್ರಿಕೆಗಳನ್ನು ದಂಡದಿಂದಲೇ ಮುಳುಗಿಸುವ ಹುನ್ನಾರ ಇದರ ಹಿಂದಿತ್ತು. 1964ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಹೇಳಿದ್ದು ಸುಳ್ಳೆಂದು ಗೊತ್ತಿತ್ತು ಅಥವಾ ನಿಜವೋ ಸುಳ್ಳೋ ಎಂಬ ಪರಿವೆಯೇ ಇರಲಿಲ್ಲ ಎಂದು ಸಾಬೀತುಪಡಿಸದ ಹೊರತು ಸಾರ್ವಜನಿಕ ಅಧಿಕಾರಿ ಗೆಲ್ಲಲಾರ ಎಂದಿತು. 1988ರ ಫೆಬ್ರುವರಿಯಲ್ಲಿ, ಜೆರಿ ಫಾಲ್ವೆಲ್ ಎಂಬ ಬಿಳಿಯ ಧರ್ಮಬೋಧಕನನ್ನು ‘ಹಸ್ಲರ್’ ಪತ್ರಿಕೆ ಅಶ್ಲೀಲವಾಗಿ ಅಣಕಿಸಿದ ಪ್ರಕರಣದಲ್ಲಿ ಪತ್ರಿಕೆಯನ್ನು ಕಾಪಾಡಿದ್ದೂ ಇದೇ ಸೂತ್ರ.

ಆ ತೀರ್ಪಿಗೆ ಮೂರು ತಿಂಗಳು ತುಂಬುವ ಮೊದಲೇ ಶಿಕಾಗೋದಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ನಗರದ ಮೊದಲ ಕಪ್ಪು ಮೇಯರ್ ಹೆರಾಲ್ಡ್ ವಾಷಿಂಗ್ಟನ್ 1983ರಲ್ಲಿ ಗೆದ್ದು, 1987ರಲ್ಲಿ ಪುನರಾಯ್ಕೆಯಾಗಿ, ಅದೇ ವರ್ಷ ನವೆಂಬರ್ 25ರಂದು ತಮ್ಮ ಕಚೇರಿಯ ಮೇಜಿನ ಬಳಿಯೇ ಹೃದಯಾಘಾತಕ್ಕೆ ಬಲಿಯಾಗಿದ್ದರು. 1988ರ ಮೇ 11ರಂದು ಆರ್ಟ್ ಇನ್‌ಸ್ಟಿಟ್ಯೂಟಿನ ಕಲಾಶಾಲೆಯಲ್ಲಿ ಡೇವಿಡ್ ನೆಲ್ಸನ್ ಎಂಬ ವಿದ್ಯಾರ್ಥಿ, ಸ್ಥೂಲಕಾಯದ ಆ ಮೇಯರ್ ಹೆಂಗಸರ ಬಿಳಿಯ ಒಳ ಉಡುಪು ತೊಟ್ಟು ಕೈಯಲ್ಲೊಂದು ಪೆನ್ಸಿಲ್ ಹಿಡಿದು ನಿಂತಿರುವ ಚಿತ್ರವನ್ನು ತೂಗುಹಾಕಿದ. ಅದು ಸಾರ್ವಜನಿಕರಿಗೆ ತೆರೆದಿರದ, ವಿದ್ಯಾರ್ಥಿಗಳ ಪ್ರದರ್ಶನ. ಸುದ್ದಿ ಗಂಟೆಗಳಲ್ಲಿ ನಗರಸಭೆ ತಲುಪಿತು. ಚಿತ್ರ ತೆಗೆಯದಿದ್ದರೆ ಶಾಲೆಗೆ ನಗರದ ಅನುದಾನ ನಿಲ್ಲಿಸುವುದಾಗಿ ನಗರಸಭೆ ನಿರ್ಣಯ ಮಾಡಿತು. ಕಪ್ಪು ಸದಸ್ಯರು ಶಾಲೆಗೆ ನುಗ್ಗಿ ಗೋಡೆಯಿಂದ ಚಿತ್ರ ಇಳಿಸಿದರು, ಗದ್ದಲದಲ್ಲಿ ಕ್ಯಾನ್ವಾಸ್ ಹರಿಯಿತು, ಪೊಲೀಸರು ಅದನ್ನು ವಶಕ್ಕೆ ಪಡೆದರು.

ಆ ಸದಸ್ಯರ ಸಿಟ್ಟು ಹುಸಿಯಾಗಿರಲಿಲ್ಲ. ವಾಷಿಂಗ್ಟನ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಕಪ್ಪು ಬಡಾವಣೆಗಳ ಮನೆಗಳಲ್ಲಿ ಅವರ ಭಾವಚಿತ್ರಗಳು ಗೋಡೆಯ ಮೇಲಿದ್ದವು. ದಶಕಗಳ ಕಾಲ ಬಿಳಿಯ ರಾಜಕಾರಣಿಗಳ ಹಿಡಿತದಡಿ ಬದುಕಿದ ಜನಕ್ಕೆ ಆ ಮನುಷ್ಯ ತಮ್ಮ ಘನತೆಯ ಸಾಕಾರ. ಬಿಳಿಯ ಯುವಕನೊಬ್ಬ ಕಪ್ಪು ಗಂಡಸಿನ ದೇಹವನ್ನು ನಗೆಗೆ ಒಡ್ಡಿದ್ದನ್ನು ಅವರು ಮಸಿ ವೇಷದ ಪರಂಪರೆಯಲ್ಲೇ ಕಂಡರು. ಆದರೆ ಶೋಕ ಎಷ್ಟೇ ನಿಜವಾಗಿದ್ದರೂ ಪೊಲೀಸರನ್ನು ಕರೆತಂದು ಚಿತ್ರ ಕಿತ್ತುಕೊಂಡದ್ದು ತಪ್ಪು. ಇದರ ವಿರುದ್ಧ ನೆಲ್ಸನ್ ಹೂಡಿದ ದಾವೆಯಲ್ಲಿ ಹೆಸರಿಸಲಾದ ಮೂವರು ಸದಸ್ಯರಲ್ಲಿ ಬಾಬಿ ರಷ್ ಒಬ್ಬರು. ಹಿಂದೆ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ನಾಯಕರಾಗಿದ್ದ ಅವರು, 1969ರಲ್ಲಿ ತಮ್ಮ ಸಂಗಾತಿ ಫ್ರೆಡ್ ಹ್ಯಾಂಪ್ಟನ್‌ರನ್ನು ಶಿಕಾಗೋ ಪೊಲೀಸರ ಗುಂಡಿಗೆ ಕಳೆದುಕೊಂಡವರು. ಅಂಥವರೂ ಅಂದು ಅದೇ ಪೊಲೀಸ್ ಬಲದ ಪಕ್ಕದಲ್ಲಿ ನಿಂತದ್ದು ನೋವಿನ ಆಳವನ್ನೂ ಅದು ತೋರಿದ ದಾರಿಯ ಅಪಾಯವನ್ನೂ ಒಟ್ಟಿಗೇ ಹೇಳುತ್ತದೆ. 1994ರಲ್ಲಿ ಮೇಲ್ಮನವಿ ನ್ಯಾಯಾಲಯ, ನೋಡುವವರು ಕೆರಳಿ ಗಲಭೆ ಮಾಡಬಹುದೆಂಬ ಕಾರಣಕ್ಕೆ ಕಲಾವಿದನ ಹಕ್ಕು ಕಸಿಯುವಂತಿಲ್ಲವೆಂದಿತು. ಕೊನೆಗೆ 95,000 ಡಾಲರ್ ಕೊಟ್ಟು ರಾಜಿಯಾಯಿತು.

ಕಾನೂನು ಪಂಡಿತರ ನಡುವೆಯೂ ಇದೇ ಸೀಳು ಕಾಣುತ್ತದೆ. ಕಪ್ಪು ವಿದ್ವಾಂಸ ಚಾರ್ಲ್ಸ್ ಲಾರೆನ್ಸ್ 1990ರಲ್ಲಿ ಬರೆದ ಪ್ರಬಂಧದಲ್ಲಿ, ಜನಾಂಗೀಯ ನಿಂದನೆ ಕೆನ್ನೆಗೆ ಬೀಳುವ ಏಟಿನಂಥದ್ದು, ಅದು ಚರ್ಚೆಗೆ ಕರೆಯುವುದಿಲ್ಲ, ಕೇಳಿದವನ ಬಾಯಿ ಕಟ್ಟುತ್ತದೆ ಎಂದು ವಾದಿಸಿ ವಿಶ್ವವಿದ್ಯಾಲಯಗಳಲ್ಲಿ ನಿರ್ಬಂಧವನ್ನು ಸಮರ್ಥಿಸಿದರು. ಇನ್ನೊಬ್ಬ ಕಪ್ಪು ವಿದ್ವಾಂಸ ಹೆನ್ರಿ ಲೂಯಿಸ್ ಗೇಟ್ಸ್ 1993ರಲ್ಲಿ ಲಾರೆನ್ಸ್ ಅವರಂಥವರ ಪಂಥವನ್ನು ವಿಮರ್ಶಿಸಿ, ಮಾತನಾಡಲು ಬಿಡಬೇಕೆಂದರು. ಮಿಷಿಗನ್ ವಿಶ್ವವಿದ್ಯಾಲಯ 1988ರಲ್ಲಿ ತಂದ ಇಂಥ ನಿಯಮದಡಿ ಕಪ್ಪು ವಿದ್ಯಾರ್ಥಿಗಳ ಮೇಲೂ ದೂರುಗಳು ಬಂದಿದ್ದವು. ಮರುವರ್ಷ ನ್ಯಾಯಾಲಯ ಅದನ್ನು ಅಸಿಂಧುಗೊಳಿಸಿತು. 1968ರಲ್ಲಿ ಕಪ್ಪು ವಕೀಲೆ ಎಲೀನರ್ ಹೋಮ್ಸ್ ನಾರ್ಟನ್ ಬಿಳಿಯ ಜನಾಂಗವಾದಿಗಳ ಸಭೆ ನಡೆಸುವ ಹಕ್ಕಿಗಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದಿದ್ದರು. ವಿರೋಧಿಗಳಿಗೆ ಇಲ್ಲದ ಹಕ್ಕು ತಮ್ಮವರಿಗೂ ಉಳಿಯದು ಎಂಬ ತಿಳಿವಳಿಕೆ ಅದರ ಹಿಂದಿತ್ತು. 2003ರಲ್ಲಿ ಸುಪ್ರೀಂ ಕೋರ್ಟಿನ ಕಪ್ಪು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್, ಸಂಪ್ರದಾಯವಾದಿಯಾದರೂ, ಕಪ್ಪು ಜನರನ್ನು ಹೆದರಿಸಲು ಕ್ಲಾನ್ ಹಚ್ಚುತ್ತಿದ್ದ ಉರಿಯುವ ಶಿಲುಬೆ ಅಭಿಪ್ರಾಯವಲ್ಲ, ಬೆದರಿಕೆಯ ಕೃತ್ಯ ಎಂದು ಭಿನ್ನಮತ ಬರೆದರು.

ಬರಾಕ್ ಒಬಾಮ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ ಪ್ರಶ್ನೆ ಪತ್ರಿಕೆಗಳ ಮುಖಪುಟಕ್ಕೆ ಬಂತು. 2008ರ ಜುಲೈ 21ರ ‘ನ್ಯೂಯಾರ್ಕರ್’ ಮುಖಪುಟದಲ್ಲಿ ಬ್ಯಾರಿ ಬ್ಲಿಟ್, ಪೇಟ ಸುತ್ತಿದ ಒಬಾಮ ಮತ್ತು ಹೆಗಲಿಗೆ ಬಂದೂಕು ಹಾಕಿದ ಮಿಷೆಲ್ ಮುಷ್ಟಿ ತಾಗಿಸುತ್ತಿರುವುದನ್ನು ಬರೆದರು. ಅಗ್ಗಿಷ್ಟಿಕೆಯಲ್ಲಿ ಅಮೆರಿಕದ ಧ್ವಜ ಉರಿಯುತ್ತಿತ್ತು, ಗೋಡೆಯ ಮೇಲೆ ಬಿನ್ ಲಾದೆನ್ ಚಿತ್ರವಿತ್ತು. ಒಬಾಮ ಬಗ್ಗೆ ಹಬ್ಬಿದ್ದ ವದಂತಿಗಳನ್ನು ಗೇಲಿ ಮಾಡುವುದು ಚಿತ್ರಕಾರನ ಉದ್ದೇಶವಾಗಿತ್ತು. ವದಂತಿ ಹಬ್ಬಿಸಿದವರು ಮಾತ್ರ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಅಪಮಾನದ ಬಿಂಬವಷ್ಟೇ ಕಣ್ಣಿಗೆ ಬೀಳುವಂತಿದ್ದು, ವಿಡಂಬನೆಯನ್ನು ಓದುಗ ತಾನೇ ಊಹಿಸಿಕೊಳ್ಳಬೇಕಾಗಿತ್ತು; ಅದು ಆ ಚಿತ್ರದ ಸೋಲು. 2009ರ ಫೆಬ್ರುವರಿ 18ರ ‘ನ್ಯೂಯಾರ್ಕ್ ಪೋಸ್ಟ್’ ವ್ಯಂಗ್ಯಚಿತ್ರಕ್ಕೆ ಅಷ್ಟೂ ಸಮರ್ಥನೆ ಇರಲಿಲ್ಲ. ಪೊಲೀಸರು ಕೊಂದ ಚಿಂಪಾಂಜಿಯನ್ನು ಅದು ಒಬಾಮ ಹಿಂದಿನ ದಿನವಷ್ಟೇ ಸಹಿ ಮಾಡಿದ್ದ ಆರ್ಥಿಕ ಉತ್ತೇಜನ ಮಸೂದೆಯೊಂದಿಗೆ ತಳುಕು ಹಾಕಿತ್ತು. ಕಪ್ಪು ಹೋರಾಟಗಾರ ಆಲ್ ಶಾರ್ಪ್ಟನ್ ಮತ್ತು ಎನ್‌ಎಎಸಿಪಿ ಬೀದಿಗಿಳಿದರೂ ಪತ್ರಿಕೆಯನ್ನು ಕೋರ್ಟಿಗೆಳೆಯಲಿಲ್ಲ. ಪ್ರತಿಭಟನೆಯ ಒತ್ತಡಕ್ಕೆ ಮಾಲೀಕ ರುಪರ್ಟ್ ಮರ್ಡೋಕ್ ಕ್ಷಮೆ ಕೇಳಿದರು. ಶಿಕಾಗೋದಲ್ಲಿ ಪೊಲೀಸರಿಂದ ಆಗದ್ದು ಇಲ್ಲಿ ಮಾತಿನಿಂದ ಆಯಿತು.

ತಮ್ಮವರೇ ಮಾಡುವ ವಿಡಂಬನೆ ಇನ್ನೂ ಸೂಕ್ಷ್ಮ. 2002ರ ‘ಬಾರ್ಬರ್‌ಶಾಪ್’ ಚಿತ್ರದಲ್ಲಿ ಒಬ್ಬ ಮುದುಕ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಬಗ್ಗೆ ಹಗುರವಾಗಿ ಮಾತಾಡುತ್ತಾನೆ. ಕಪ್ಪು ನಾಯಕ ಜೆಸ್ಸಿ ಜಾಕ್ಸನ್ ಆ ದೃಶ್ಯ ತೆಗೆಯಬೇಕೆಂದರು, ಆ ಪಾತ್ರ ಮಾಡಿದ ನಟ ನಿರೂಪಿಸಿದ ಎನ್‌ಎಎಸಿಪಿ ಪ್ರಶಸ್ತಿ ಸಮಾರಂಭಕ್ಕೆ ಪಾರ್ಕ್ಸ್ ಬರಲಿಲ್ಲ. ಕ್ಷೌರದಂಗಡಿಯಲ್ಲಿ ಹೀಗೇ ಮಾತಾಡುತ್ತಾರಲ್ಲ, ಅದನ್ನು ತೋರಿಸಿದರೆ ತಪ್ಪೇನು ಎಂಬುದು ಇನ್ನೊಂದು ಪಕ್ಷದ ವಾದ. ಅದಕ್ಕೆ ಸಿಗುತ್ತಿದ್ದ ಉತ್ತರ, ಬಾಗಿಲು ಮುಚ್ಚಿದ ಕೋಣೆಯ ನಗು ಬಿಳಿಯರ ಎದುರು ಬೇರೆಯದೇ ಆಗುತ್ತದೆ ಎಂಬುದು.

ಈ ಮಾತು ನಿಜವೆಂಬುದನ್ನು ಕಪ್ಪು ಹಾಸ್ಯನಟ ಡೇವ್ ಶಪೆಲ್ ತಾವೇ ಅನುಭವಿಸಿದರು. 5 ಕೋಟಿ ಡಾಲರ್ ಒಪ್ಪಂದವಿದ್ದ ತಮ್ಮ ಟಿವಿ ಕಾರ್ಯಕ್ರಮವನ್ನು ಅವರು 2005ರಲ್ಲಿ ನಡುವೆಯೇ ಬಿಟ್ಟು ದಕ್ಷಿಣ ಆಫ್ರಿಕಾಕ್ಕೆ ಹೋದರು. ಮಸಿ ಮುಖದ ಪುಟ್ಟ ಮಾಯಾವಿಯ ವೇಷ ತೊಟ್ಟು, ವಿಮಾನದಲ್ಲಿ ಕಪ್ಪು ಪ್ರಯಾಣಿಕನಿಗೆ ಕರಿದ ಕೋಳಿಯನ್ನೇ ತಿನ್ನೆಂದು ಪೀಡಿಸುವ ಪ್ರಹಸನವನ್ನು ಅವರು ಚಿತ್ರೀಕರಿಸುತ್ತಿದ್ದರು. ಪೂರ್ವಗ್ರಹವನ್ನು ಹಂಗಿಸುವುದು ಅವರ ಗುರಿ. ಚಿತ್ರೀಕರಣದ ಜಾಗದಲ್ಲಿದ್ದ ಬಿಳಿಯನೊಬ್ಬ ನಕ್ಕ ರೀತಿ ಅವರಿಗೆ ಸರಿಬರಲಿಲ್ಲ. ಅವನು ತನ್ನ ಜೊತೆ ನಗುತ್ತಿಲ್ಲ, ತನ್ನನ್ನು ನೋಡಿ ನಗುತ್ತಿದ್ದಾನೆ ಎನಿಸಿತೆಂದು ಅವರು ಮುಂದೆ ಓಪ್ರಾ ವಿನ್‌ಫ್ರಿಗೆ ವಿವರಿಸಿದರು. ಯಾವ ಕಾನೂನೂ ಅವರನ್ನು ತಡೆದಿರಲಿಲ್ಲ. ವಾಹಿನಿ 2006ರಲ್ಲಿ ಆ ತುಣುಕನ್ನು ಪ್ರಸಾರವನ್ನೂ ಮಾಡಿತು.

ಅಪಮಾನದ ವಸ್ತುವನ್ನೇ ಕೈಗೆತ್ತಿಕೊಂಡು ತಿರುಗಿಸುವ ದಾರಿಯೂ ಇದೆ. 1972ರಲ್ಲಿ ಕಲಾವಿದೆ ಬೆಟಿ ಸಾರ್, ಆಂಟ್ ಜೆಮೈಮಾ ಎಂಬ ದಪ್ಪ ಕಪ್ಪು ಅಡುಗೆಯಾಕೆಯ ಗೊಂಬೆಯ ಒಂದು ಕೈಗೆ ಪೊರಕೆ, ಇನ್ನೊಂದಕ್ಕೆ ಬಂದೂಕು ಕೊಟ್ಟು, ಹಿಂದೆ ಅದೇ ಹೆಸರಿನ ಪ್ಯಾನ್‌ಕೇಕ್ ಹಿಟ್ಟಿನ ಲೇಬಲ್ಲುಗಳನ್ನು ಸಾಲಾಗಿ ಅಂಟಿಸಿದರು. 1997ರಲ್ಲಿ ಕಿರಿಯ ಕಪ್ಪು ಕಲಾವಿದೆ ಕಾರಾ ವಾಕರ್ ಗುಲಾಮಗಿರಿಯ ಅಶ್ಲೀಲ ಹಿಂಸೆಯನ್ನು ಕಪ್ಪು ಕಾಗದದ ನೆರಳುಚಿತ್ರಗಳಲ್ಲಿ ತೋರಿಸಿ ಮೆಕಾರ್ಥರ್ ಪುರಸ್ಕಾರ ಪಡೆದಾಗ, ಅವು ಬಿಳಿಯರ ರಂಜನೆಗಷ್ಟೇ ಸಲ್ಲುತ್ತವೆಂದು ಪತ್ರ ಚಳವಳಿ ನಡೆಸಿದವರೂ ಇದೇ ಸಾರ್. ಆಂಟ್ ಜೆಮೈಮಾ ಹೆಸರನ್ನು ಕಂಪನಿ ಕೈಬಿಡುವ ತೀರ್ಮಾನ ಮಾಡಿದ್ದು 2020ರಲ್ಲಿ, ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ.

ಮಿಷಿಗನ್ನಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞ ಡೇವಿಡ್ ಪಿಲ್‌ಗ್ರಿಮ್ ಕಟ್ಟಿದ ಜಿಮ್ ಕ್ರೋ ವಸ್ತುಸಂಗ್ರಹಾಲಯದಲ್ಲಿ ಇಂಥ ಗೊಂಬೆ, ಪೋಸ್ಟರ್, ಉಪ್ಪು-ಮೆಣಸಿನ ಡಬ್ಬಿ, ಆಟದ ಸಾಮಾನುಗಳೆಲ್ಲ ಕಪಾಟಿನಲ್ಲಿವೆ. ಅಲಬಾಮಾದಲ್ಲಿ ಬೆಳೆದ ಪಿಲ್‌ಗ್ರಿಮ್ ಹುಡುಗನಾಗಿದ್ದಾಗ ಇಂಥ ಮೊದಲ ವಸ್ತುವನ್ನು ಕೊಂಡು ನೆಲಕ್ಕೆ ಬಡಿದು ಒಡೆದಿದ್ದರು. ಮುಂದೆ ಸಾವಿರಾರನ್ನು ಕೊಂಡು ಕಾಪಿಟ್ಟರು. ಇವನ್ನು ಪ್ರದರ್ಶಿಸುವುದೇ ಅವಮಾನವನ್ನು ಜೀವಂತ ಇಡುತ್ತದೆಂಬ ಆಕ್ಷೇಪ ಕಪ್ಪು ಜನರಲ್ಲೂ ಇದೆ. ಬಚ್ಚಿಟ್ಟರೆ ಹೀಗೊಂದು ನಡೆದೇ ಇಲ್ಲ ಎನ್ನುವವರಿಗೆ ಅನುಕೂಲ ಎಂಬುದು ಸಂಗ್ರಹಾಲಯದ ಪರ ಇರುವವರ ನಂಬಿಕೆ, ಅದೇ ಹೆಚ್ಚು ಸರಿಯೆನಿಸುತ್ತದೆ. ಅಲ್ಲಿ ವಸ್ತುಗಳು ಒಂಟಿಯಾಗಿಲ್ಲ. ಪ್ರತಿ ಅಚ್ಚುಚಿತ್ರದ ಹುಟ್ಟು, ಅದು ಸಮರ್ಥಿಸಿದ ಕಾನೂನು, ಅದರಿಂದಾದ ಹಿಂಸೆ ಎಲ್ಲವನ್ನೂ ವಿವರಿಸಲಾಗಿದೆ. ಆ ಬಿಂಬಗಳಿಗೆ ಕಪ್ಪು ಕಲಾವಿದರು ತಮ್ಮ ಕೃತಿಗಳಲ್ಲಿ ಕೊಟ್ಟ ಉತ್ತರಕ್ಕೂ ಅಲ್ಲಿ ಜಾಗವಿದೆ.